ಎಡಗಡೆ ಸೀಟಿನ ನೇರ ಮಾತು

ನವೆಂಬರ್ 4, ಸೋಮವಾರ

ಇವತ್ತೂ ರಿವರ್ಸ್. ಎರಡು ಕಲ್ಲಿಟ್ಟು, ನಡುವೆ ಹಿಂದಕ್ಕೆ ತಗೊಳ್ಳಿ ಅಂದ್ರು ಶ್ರೀರಂಗ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನವರು. ಮೇಷ್ಟ್ರು ಅನ್ನಿ ಅಂತ ಅವರೇ ಹೇಳ್ಕೊಟ್ಟಿದ್ದು. ತಗೊಂಡೆ. ಒಂದು ಕಲ್ಲು ಉರುಳಿತು.

"ಏನಮ್ಮಾ, ದೋಸೆ ಮಗುಚಿದಂಗೆ ಸ್ಟೇರಿಂಗ್ ತಿರುಗಿಸ್ತೀರಲ್ಲ! ಬೇಜಾರ್ ಮಾಡ್ಕೋಬೇಡಿ, ನನ್ನ ಬಾಯಿ ಹಂಗೆ. ಮನಸ್ಸು ಮಾತ್ರ ಬೆಣ್ಣೆ."

ಬೆಣ್ಣೆ ಇದುವರೆಗೆ ಕಂಡಿಲ್ಲ. ಬಾಯಿ ಮಾತ್ರ ದಿನಾ ಬೆಳಿಗ್ಗೆ ಸಿಗುತ್ತೆ.

ಮನೆಗೆ ಬಂದ್ರೆ ಇವರು, ನನ್ನ ಗಂಡ, ಜಗಲಿ ಮೇಲೆ ಕಾಯ್ತಾ ಕೂತಿದಾರೆ. "ಕಲ್ಲು ಬಿತ್ತಾ?" ಬಿತ್ತು ಅಂದೆ. "ತಪ್ಪು ತಿಳ್ಕೋಬೇಡ ಸುಷ್ಮಾ. ನಾನು ಇರೋದನ್ನ ಇದ್ದಂಗೆ ಹೇಳೋನು. ನಲವತ್ತೆರಡಕ್ಕೆ ಕಲಿಯೋ ವಿದ್ಯೆ ಅಲ್ಲ ಇದು."

ಯಾರಿಗಾಗಿ ಕಲೀತಿದೀನಿ? ಸೆಪ್ಟೆಂಬರಲ್ಲಿ ಗೋಡೌನಿನಲ್ಲಿ ಕೇಕ್ ಬಾಕ್ಸ್‌ಗಳ ಮಧ್ಯೆ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದೋರು ಯಾರು? ಶಿವಮೊಗ್ಗದ ಡಾಕ್ಟ್ರು ಫಿಟ್ಸ್ ಅಂದ್ರು. ಮಾತ್ರೆ ಕೊಟ್ರು. ಒಂದು ವರ್ಷ ಗಾಡಿ ಮುಟ್ಟೋ ಹಾಗಿಲ್ಲ ಅಂದ್ರು. ಬೇಕರಿಗಳಿಗೆ ಯೀಸ್ಟು, ಎಸೆನ್ಸು, ಚೆರ್ರಿ ಹಾಕೋ ಲೈನು ನಮ್ಮದು. ಸಾಗರ, ಹೊಸನಗರ, ತೀರ್ಥಹಳ್ಳಿ — ಮೂರು ತಾಲ್ಲೂಕು. ವ್ಯಾನ್ ನಿಂತ್ರೆ ಮನೆ ನಿಂತ ಹಾಗೆ.

ಡ್ರೈವರ್ ಇಟ್ಕೊಳ್ಳೋಣ ಅಂದೆ. ಬೇಡ ಅಂದ್ರು. ದಿನವಿಡೀ ಪಕ್ಕ ಕೂತೋನಿಗೆ ಗೊತ್ತಾಗಿಬಿಡುತ್ತಂತೆ. ಊರಿಗೆಲ್ಲಾ ಹೇಳಿರೋದು ಡಿಸ್ಕ್, ಸೊಂಟನೋವು. ನಾನೂ ಅದನ್ನೇ ಹೇಳ್ತಾ ಬಂದಿದೀನಿ. ಅತ್ತೆ, ನಾನು, ಮಗಳು ಕಾವ್ಯಾ — ಮೂರೇ ಜನಕ್ಕೆ ಗೊತ್ತು.

ನೇರ ಮಾತಿನವರು! ಅವರ ಕಾಯಿಲೆ ವಿಷಯದಲ್ಲಿ ಮಾತ್ರ ಮಾತು ಸುತ್ತಿ ಸುತ್ತಿ ಹೋಗುತ್ತೆ.


ನವೆಂಬರ್ 20, ಬುಧವಾರ

ಪಾಸ್. ಸಾಗರದಲ್ಲಿ ಟೆಸ್ಟ್. ಎಂಟು ಹಾಕಿ ಅಂದ್ರು, ಹಾಕಿದೆ. ಈ ಸಲ ಯಾವ ಕಲ್ಲೂ ಉರುಳಲಿಲ್ಲ.

ಇವರಿಗೆ ಫೋನ್ ಮಾಡಿದೆ. "ಓ... ಆಯ್ತಲ್ಲ" ಅಂದ್ರು. ಅಷ್ಟೇ.

ಅತ್ತೆಗೆ ಬಂದು ಹೇಳಿದೆ. ಮೀನಾಕ್ಷಮ್ಮ ಬಿಟ್ಟಾರಾ. "ಈಗ ಎಲ್ರನ್ನೂ ಪಾಸ್ ಮಾಡ್ತಾರಂತೆ ಬಿಡು. ಅಲ್ಲಾ, ನಿನ್ನ ಕೈಲಿ ಒಂದು ಪಾತ್ರೆ ಸರಿಯಾಗಿ ಗೂಡಿಗೆ ಇಡೋಕಾಗಲ್ಲ, ವ್ಯಾನ್ ಹೆಂಗೆ ಇಡ್ತೀಯೋ." ನಾನು ಮುಖ ಸಣ್ಣ ಮಾಡ್ದೆ ಅಂತ ಕಾಣ್ಸುತ್ತೆ. ತಕ್ಷಣ ಅವರ ಗಾದೆ ಬಂತು. "ಇದ್ದಿದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ."

ಒದ್ದೋರು ಯಾರು, ಒದೆಸ್ಕೊಂಡೋರು ಯಾರು... ಈ ಮನೆಯಲ್ಲಿ ಗಾದೆಗೂ ನ್ಯಾಯ ಇಲ್ಲ.


ನವೆಂಬರ್ 25, ಸೋಮವಾರ. ಸಂಜೆ

ಮೊದಲನೇ ಲೈನು. ಹೊಸನಗರದಿಂದ ಸಾಗರ. ವ್ಯಾನೆಲ್ಲಾ ಪೈನಾಪಲ್ ಎಸೆನ್ಸ್ ವಾಸನೆ. ಎಡಗಡೆ ಸೀಟಲ್ಲಿ ಇವರು.

"ಗೇರ್ ಇಳಿಸು. ಈಗ ಅಲ್ಲ, ಆಗ್ಲೇ ಇಳಿಸ್ಬೇಕಿತ್ತು. ಲೆಫ್ಟ್‌ಗೆ, ಲೆಫ್ಟ್‌ಗೆ... ಅಯ್ಯೋ ಅಷ್ಟಲ್ಲ! ಆ ಬೈಕಿನವನಿಗೆ ಯಾಕೆ ದಾರಿ ಬಿಟ್ಟೆ? ನಿನ್ನ ಮಾವನಾ?" ಎಲ್ಲಾದಕ್ಕೂ ಕೊನೆಯಲ್ಲಿ ಒಂದು — "ನಿನ್ನ ಒಳ್ಳೇದಕ್ಕೇ ಹೇಳೋದು."

ನನ್ನ ಒಳ್ಳೇದು ಸಾಗರ ಮುಟ್ಟೋ ಹೊತ್ತಿಗೆ ಸುಸ್ತಾಗಿ ಮಲಗಿತ್ತು.

ಸಾಗರದಲ್ಲಿ ಮನೋರಮಾ ಅವರ ಮನೆ. ಮನೆಯಲ್ಲೇ ಕೇಕ್ ಮಾಡಿ ಮಾರ್ತಾರೆ, ಹಳೇ ಗಿರಾಕಿ. ನಾನು ಸ್ಟೇರಿಂಗ್ ಹಿಂದಿಂದ ಇಳಿದಿದ್ದು ನೋಡಿ ಗೇಟಲ್ಲೇ ನಿಂತರು. "ಎಂತ ಮಾರಾಯ್ತಿ, ನೀ ಗಾಡಿ ಹೊಡಿತ್ಯಾ?" ಅಂತ ಅವರ ಮನೆಮಾತಲ್ಲೇ ಶುರು ಮಾಡಿ, ಆಮೇಲೆ ನಮ್ಮ ಮಾತಿಗೆ ಬಂದ್ರು. "ನಂಗೆ ಅನ್ಸಿದ್ದು ಬಾಯಿಗೆ ಬಂದ್ಬಿಡತ್ತೆ, ಬೇಜಾರಾಗ್ಬೇಡಿ. ಗಂಡಸ್ರು ಪಕ್ಕದಲ್ಲಿ ಕೂತು ಹೆಂಗಸ್ರು ಓಡಿಸಿದ್ರೆ ನೋಡೋಕೆ ಒಂಥರಾ."

ಇವರು ಸೊಂಟ ಹಿಡ್ಕೊಂಡು ನಕ್ಕರು. ನೋವಿರೋ ಜಾಗವನ್ನ ಚೆನ್ನಾಗಿ ಅಭ್ಯಾಸ ಮಾಡಿದಾರೆ.


ಡಿಸೆಂಬರ್ 3, ಮಂಗಳವಾರ

ತೀರ್ಥಹಳ್ಳಿ ಲೈನು. ಕೋಣಂದೂರಲ್ಲಿ ಲೇಟಾಯ್ತು. ರಸ್ತೆಗೆ ಅಡ್ಡ ಮರದ ಲಾರಿ ನಿಂತಿತ್ತು, ನಾನೇನು ಹಾರಿಸ್ಕೊಂಡು ಹೋಗ್ಲಾ.

ಬೇಕರಿಯಲ್ಲಿ ನಾಲ್ಕು ಜನ ಟೀ ಕುಡೀತಿದ್ರು. ಇವರು ಒಳಗೆ ಕಾಲಿಡೋಕೆ ಮುಂಚೆ — "ಲೇಟಾಯ್ತು, ತಪ್ಪು ತಿಳ್ಕೋಬೇಡಿ. ನಮ್ಮದೀಗ ಲೇಡಿ ಡ್ರೈವರ್ರು!"

ಎಲ್ಲಾ ನಕ್ಕರು. ನನ್ನ ಕೈಯಲ್ಲಿ ಡಾಲ್ಡಾ ಡಬ್ಬ.

ವ್ಯಾನಿಗೆ ಬಂದ ಮೇಲೆ ಕೇಳಿದೆ. ಲಾರಿ ಅಂತ ಯಾಕೆ ಹೇಳ್ಲಿಲ್ಲ? "ಅಯ್ಯೋ ತಮಾಷೆಗೆ ಅಂದಿದ್ದು ಮಾರಾಯ್ತಿ. ನಿಂಗೆ ತಮಾಷೇನೇ ಅರ್ಥ ಆಗಲ್ಲ."

ಹೌದು. ತಪ್ಪು ನಂದೇ. ಮೊದಲು ಗಾಡಿ ಬರಲ್ಲ, ಈಗ ನಗೋಕೂ ಬರಲ್ಲ.


ಡಿಸೆಂಬರ್ 9

ಈ ಮಾತುಗಳ ಬಗ್ಗೆ ದಾರಿಯುದ್ದ ಯೋಚನೆ ಮಾಡ್ತಿದ್ದೆ. ಎಲ್ಲಾ ಹಾರ್ನ್ ಹೊಡೆದು ಗುದ್ದೋ ಜಾತಿ. ಗುದ್ದಿದ್ರಲ್ಲಾ ಅಂದ್ರೆ — ಹಾರ್ನ್ ಹೊಡೆದಿದ್ನಲ್ಲ!

ಕಾವ್ಯಾಗೂ ಅಂಟಿದೆ. ಸೆಕೆಂಡ್ ಪಿಯುಸಿ, ಓದೋಕೆ ಬಿಟ್ಟು ಎಲ್ಲಾದಕ್ಕೂ ಟೈಮಿದೆ. ಬೆಳಿಗ್ಗೆ ಹೊರಟಾಗ ಮೇಲಿಂದ ಕೆಳಗೆ ನೋಡಿದಳು. "ಅಮ್ಮಾ, ಡೋಂಟ್ ಮೈಂಡ್, ಆ ಚೂಡಿದಾರಲ್ಲಿ ನೀನು ಮೈದಾ ಮೂಟೆ ತರ ಕಾಣ್ತೀಯ. ಆನೆಸ್ಟ್ ಆಗಿ ಹೇಳ್ದೆ."

ಅಜ್ಜಿಗೆ ಗಾದೆ, ಅಪ್ಪನಿಗೆ ನೇರ ಮಾತು, ಮಗಳಿಗೆ ಆನೆಸ್ಟಿ. ಮನೆತನದ ಆಸ್ತಿ. ಪಾಲಾಗ್ದೆ ಎಲ್ಲರಿಗೂ ಪೂರ್ತಿ ಸಿಕ್ಕಿದೆ.

ಅದೇ ಚೂಡಿದಾರ್ ಹಾಕ್ಕೊಂಡೇ ಹೋದೆ.


ಡಿಸೆಂಬರ್ 14, ಶನಿವಾರ

ಮೇಳಿಗೆ ಕಡೆ ಹೊಸ ಆರ್ಡರ್ ಕೇಳೋಕೆ ಹೋಗಿದ್ವಿ. ಬರೋವಾಗ ಇವರು ನಿದ್ದೆ ಹೋದ್ರು. ಆ ಮಾತ್ರೆ ಹಾಗೆ, ಊಟ ಆದ ಮೇಲೆ ಎಳೀತದೆ. ತಲೆ ಕಿಟಕಿ ಗಾಜಿಗೆ ಆನಿಸಿಕೊಂಡಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

ಆ ದಾರಿ ಇಷ್ಟು ಚಂದ ಅಂತ ಗೊತ್ತೇ ಇರ್ಲಿಲ್ಲ. ಗೇರ್ ತಾನೇ ಬಿತ್ತು. ತಿರುವು ತಾನೇ ತಿರುಗಿತು. ಲಾರಿಯವನೊಬ್ಬ ದಾರಿ ಬಿಟ್ಟ, ಕೈ ಎತ್ತಿದೆ, ಅವನೂ ಎತ್ತಿದ. ಅಷ್ಟಕ್ಕೇ ಎಷ್ಟು ಖುಷಿ ಆಯ್ತು ಅಂದ್ರೆ... ನಾಚಿಕೆ.

ಹಂಪ್ ಬಂದಾಗೆಲ್ಲ ನಿಧಾನ ಮಾಡಿದೆ. ತಲೆ ಗಾಜಿಗೆ ಹೊಡೀಬಾರ್ದಲ್ಲ. ಇದನ್ನ ಯಾಕೆ ಮಾಡಿದೆ ಅಂತ ಗೊತ್ತಿಲ್ಲ. ಎಚ್ಚರ ಇದ್ದಾಗ ಆ ತಲೆ ಮೇಲೆ ಎಸೆನ್ಸ್ ಬಾಟ್ಲಿ ಬೀಳ್ಲಿ ಅಂತ ಅನ್ಕೊಂಡಿದ್ದಿದೆ.

ಹೊಸನಗರ ಬಂದ್ಮೇಲೆ ಎದ್ದು, ಬಾಯಿ ಒರೆಸಿಕೊಂಡು — "ಏನು, ಇಷ್ಟು ಬೇಗ ಬಂದ್ಯಾ? ಸ್ಪೀಡ್ ಹೊಡೆದಿರ್ಬೇಕು."


ಡಿಸೆಂಬರ್ 21, ಶನಿವಾರ. ಸಂಜೆ ಆರೂವರೆ

ಅಡಿಗೆಗೆ ಇನ್ನೂ ಇಟ್ಟಿಲ್ಲ. ಆದ್ರೂ ಬರೀಬೇಕು.

ಕ್ರಿಸ್‌ಮಸ್, ನ್ಯೂ ಇಯರ್ ರಶ್ಶು. ತೀರ್ಥಹಳ್ಳಿಯಲ್ಲಿ ಹರಿಪ್ರಸಾದ್ ಅವರ ಬೇಕರಿ — ನಮ್ಮ ಲೈನಿನ ದೊಡ್ಡ ಗಿರಾಕಿ. ಅಂಗಡಿ ಮುಂದೆ ಜಾಗ ಇರ್ಲಿಲ್ಲ. ಪಕ್ಕದ ಓಣಿಗೆ ರಿವರ್ಸ್ ತಗೊಂಡೆ. ಇವರು ಕೆಳಗಿಳಿದು "ಬಾ, ಬಾ, ಬಾ" ಅಂತಿದ್ರು. ಫೋನ್ ಬಂತು ಅವರಿಗೆ. ಬಾ ಅನ್ನೋದು ನಿಲ್ಲಿಸ್ಲಿಲ್ಲ, ನೋಡೋದು ನಿಲ್ಲಿಸಿದ್ರು. ಹಿಂದೆ ಮೊಟ್ಟೆ ಟ್ರೇ ಜೋಡಿಸಿಟ್ಟಿದ್ರು. ಬಂಪರ್ ತಾಗಿತು. ಹೋಯ್ತು. ಓಣಿ ತುಂಬಾ ಹಳದಿ.

ಇಳಿದೆ. ಹರಿಪ್ರಸಾದ್ ಹೊರಗೆ ಬಂದು, "ಇರ್ಲಿ ಬಿಡಿ, ಟ್ರೇ ಇಟ್ಟಿದ್ದೇ ದಾರಿಯಲ್ಲಿ" ಅಂದ್ರು. ಪಾಪ, ಒಳ್ಳೆ ಮಾತಲ್ಲೇ ಅಂದ್ರು. ಕೇಕ್ ತಗೊಳ್ಳೋಕೆ ಬಂದವರು ಸುಮಾರು ಜನ ಇದ್ರು. ಮಕ್ಕಳು ಮರಿ ಎಲ್ಲಾ.

ಇವರು ಫೋನ್ ಜೇಬಿಗಿಟ್ಟು ಶುರು ಮಾಡಿದ್ರು. "ಇರ್ಲಿ ಬಿಡಿ ಅಲ್ಲ ಹರಿಪ್ರಸಾದ್. ತಪ್ಪು ತಿಳ್ಕೋಬೇಡಿ, ಇವಳ ತಲೆಯಲ್ಲಿ ಇರೋದು ಬರೀ ಹಿಟ್ಟು. ಹೆಂಡ್ತಿ ಅಂತ ಮುಚ್ಚಿಡೋದಿಲ್ಲ ನಾನು. ಮನಸ್ಸಲ್ಲಿ ಇಟ್ಕೊಳ್ಳೋನಲ್ಲ, ಮುಖದ ಮೇಲೇ ಹೇಳೋನು. ನನ್ನ ಸೊಂಟ ಒಂದು ಸರಿ ಇದ್ದಿದ್ರೆ ಇವಳನ್ನ ಈ ಗಾಡಿ ಹತ್ರಾನೂ ಬಿಡ್ತಿರ್ಲಿಲ್ಲ."

ಯಾರೋ ಕಿಸಕ್ ಅಂದ್ರು. ಒಂದು ಹೆಂಗಸು ನನ್ನ ಕಡೆ ನೋಡಿ, ಬೇಗ ಬೇರೆ ಕಡೆ ನೋಡಿದ್ಲು. ಆ ನೋಟಕ್ಕೇ ಇರ್ಬೇಕು, ನಾನು ಬಾಯಿ ಬಿಟ್ಟಿದ್ದು.

"ನಾನೂ ಒಂದು ಹೇಳ್ಲಾ?" ಅಂದೆ. ನನ್ನ ದನಿ ತಣ್ಣಗಿತ್ತು. ನಂಗೇ ಆಶ್ಚರ್ಯ. "ಯಾರೂ ತಪ್ಪು ತಿಳ್ಕೋಬೇಡಿ, ನೇರವಾಗಿ ಹೇಳ್ತೀನಿ. ಇವರಿಗೆ ಸೊಂಟ ನೋವಿಲ್ಲ. ಫಿಟ್ಸ್. ಸೆಪ್ಟೆಂಬರಲ್ಲಿ ಬಿದ್ರು, ನೊರೆ ಬಂತು, ಪ್ಯಾಂಟಲ್ಲೇ ಆಯ್ತು. ಒರೆಸಿದ್ದು ನಾನೇ. ಅದಕ್ಕೇ ನಾನು ಓಡಿಸೋದು."

ಒಳಗೆ ಓವನ್ ಶಬ್ದ ಕೇಳಿಸ್ತು.

ಇವರ ಮುಖ... ಬರೆಯಲ್ಲ.

ಆ ಹೆಂಗಸು ತನ್ನ ಮಗೂನ ಹತ್ರ ಎಳ್ಕೊಂಡ್ಲು. ಇವರಿಂದ ದೂರ. ಯಾರೋ ಹಿಂದಿಂದ, "ಅಂಥೋರ ಕೈಲಿ ಯಾವಾಗ್ಲೂ ಕಬ್ಬಿಣ ಇರ್ಬೇಕು ಮಾರಾಯ್ರೆ" ಅಂದ್ರು. ಹರಿಪ್ರಸಾದ್ ಕೈ ಒರೆಸ್ಕೊಳ್ತಾ, "ಓ... ನಮಗೆ ಗೊತ್ತಿರ್ಲಿಲ್ಲ ರಾಜೇಂದ್ರ" ಅಂತ ಒಂದು ಸ್ಟೂಲ್ ತಂದಿಟ್ರು. ಇವರು ಕೂರಲಿಲ್ಲ. ವ್ಯಾನಿಗೆ ಹೋಗಿ ಕೂತ್ರು.

ತೀರ್ಥಹಳ್ಳಿಯಿಂದ ಹೊಸನಗರದವರೆಗೆ ಒಂದು ಮಾತಿಲ್ಲ. ನಾನು ಗೇರ್ ತಪ್ಪು ಹಾಕಿದೆ, ಒಂದು ಸಲ ಗಾಡಿ ಆಫ್ ಆಯ್ತು. ಅದಕ್ಕೂ ಮಾತಿಲ್ಲ.

ಸತ್ಯ ಬರೀಬೇಕಂದ್ರೆ — ಹೇಳೋವಾಗ ಸಿಹಿಯಾಗಿತ್ತು. ನಾಲಿಗೆ ಮೇಲೆ ಬೆಲ್ಲ ಇಟ್ಟಂಗೆ. ಇವರೆಲ್ಲ ಇದನ್ನ ಯಾಕೆ ಬಿಡಲ್ಲ ಅಂತ ಇವತ್ತು ಗೊತ್ತಾಯ್ತು.


ಡಿಸೆಂಬರ್ 22, ಭಾನುವಾರ

ಅತ್ತೆಗೆ ಇವರೇ ಹೇಳಿರ್ಬೇಕು. ಬೆಳಿಗ್ಗೆ ಒಲೆ ಹತ್ರ ಬಂದು ನಿಂತ್ರು.

"ಗಂಡನ ಮರ್ಯಾದೆ ತೀರ್ಥಹಳ್ಳಿ ಪೇಟೆಯಲ್ಲಿ ತೆಗೆದ್ಯಂತೆ."

"ಇದ್ದಿದ್ದು ಇದ್ದಂಗೆ ಹೇಳಿದೆ ಅತ್ತೆ."

ಬಾಯಿ ತೆಗೆದ್ರು. ಗಾದೆಯ ಉಳಿದರ್ಧ ಅವರಿಗೆ ಬರಲಿಲ್ಲ. ಹೊರಗೆ ಹೋದ್ರು. ಗೆದ್ದೆ ಅನ್ನಿಸ್ಬೇಕಿತ್ತು. ಹಾಲು ಉಕ್ಕಿ ಚೆಲ್ಲಿತು.


ಡಿಸೆಂಬರ್ 30, ಸೋಮವಾರ

ಒಂದು ವಾರದಿಂದ ಒಬ್ಬಳೇ ಲೈನಿಗೆ ಹೋಗ್ತಿದೀನಿ. ಇವರು ಬರಲ್ಲ. ಕೋಣೆಯಲ್ಲಿ ಟಿವಿ. ನನ್ನ ಜೊತೆ ಮಾತಿಲ್ಲ, ಕಾವ್ಯಾ ಕೈಲಿ ಹೇಳಿ ಕಳಿಸ್ತಾರೆ. "ಅಮ್ಮಂಗೆ ಹೇಳು, ಟೈರ್ ಗಾಳಿ ನೋಡ್ಬೇಕಂತೆ."

ಎಡಗಡೆ ಸೀಟು ಖಾಲಿ. ಚೆರ್ರಿ ಡಬ್ಬ ಇಟ್ಕೊಂಡೆ ಅಲ್ಲಿ. ಡಬ್ಬ ಏನೂ ಅನ್ನಲ್ಲ.

ಆದ್ರೆ ಸುದ್ದಿ ನನ್ನ ವ್ಯಾನಿಗಿಂತ ಮುಂಚೆ ಓಡಿದೆ. ಕೋಣಂದೂರಲ್ಲಿ ಕೇಳಿದ್ರು. ಸಾಗರದಲ್ಲೂ ಕೇಳಿದ್ರು. ಮನೋರಮಾ ನನ್ನ ಕೈ ಹಿಡ್ಕೊಂಡು ಒಳಗೆ ಕೂರಿಸಿದ್ರು. ಕಷಾಯ ಕೊಟ್ರು. ಆಮೇಲೆ ಮೆಲ್ಲಗೆ — "ನಿಮ್ಮೋಳು ಅಂತ ಕೇಳ್ತಾ ಇದೀನಿ, ಬೇಜಾರಾಗ್ಬೇಡಿ. ಇದು ವಂಶದಲ್ಲಿ ಬರತ್ತಲ್ಲ? ನಾಳೆ ಮಗಳಿಗೆ ಗಂಡು ನೋಡೋವಾಗ..."

"ಡಾಕ್ಟ್ರು ಹಂಗೇನೂ ಹೇಳಿಲ್ಲ" ಅಂದೆ. "ಮತ್ತೆ ನೀವು ನಮ್ಮೋರು ಅಂತ ಕೇಳಿಲ್ಲ. ಗೊತ್ತಾಗ್ಬೇಕು ಅಂತ ಕೇಳಿದ್ರಿ." ಲೋಟ ಇಟ್ಟು ಎದ್ದೆ. ಗಿರಾಕಿ ಹೋದ್ರೆ ಹೋಗ್ಲಿ.

ದಾರಿಯಲ್ಲಿ ಎಲ್ಲಾರನ್ನೂ ಬೈಕೊಂಡೆ. ಆಮೇಲೆ ಬೈಯೋಕೆ ಉಳಿದಿದ್ದು ನಾನೊಬ್ಬಳೇ.


ಡಿಸೆಂಬರ್ 31

ಕಾವ್ಯಾ ಕಾಲೇಜಿಂದ ಬಂದವಳು ಬ್ಯಾಗ್ ಬಿಸಾಕಿದಳು. ಯಾವಳೋ ಕ್ಲಾಸಲ್ಲಿ ಕೇಳಿದ್ಳಂತೆ, ನಿಂಗೂ ಬರುತ್ತಾ ಅಂತ. ಜಸ್ಟ್ ಆಸ್ಕಿಂಗ್ ಅಂದ್ಳಂತೆ.

ನಾನು ಸಮಾಧಾನ ಮಾಡೋಕೆ ಹೋದೆ. ನಿಮ್ಮಪ್ಪ ಎಲ್ಲರ ಎದುರು ಹಾಗೆ ಅಂದಾಗ ನಾನೇನು ಮಾಡ್ಲಿ ಅಂದೆ.

"ಅಪ್ಪ ಮಾಡಿದ್ದು ತಪ್ಪು ಅಂತ ನಂಗೂ ಗೊತ್ತು" ಅಂದಳು. "ಒಂದು ಕೇಳ್ತೀನಿ. ಹೇಳೋವಾಗ ನಿಂಗೆ ಖುಷಿ ಆಯ್ತಾ?"

ಡೋಂಟ್ ಮೈಂಡ್ ಅನ್ನಲಿಲ್ಲ ಈ ಸಲ. ನಾನು ಅವಳ ಬ್ಯಾಗ್ ಎತ್ತಿಟ್ಟೆ. ಅವಳಿಗೆ ಉತ್ತರ ಸಿಕ್ಕಿತು.


ಜನವರಿ 6, ಸೋಮವಾರ. ಬೆಳಿಗ್ಗೆ

ವ್ಯಾನ್ ಇಲ್ಲ.

ಮೊಳೆ ಮೇಲೆ ಕೀ ಇಲ್ಲ. ಇವರ ಚಪ್ಪಲಿ ಇಲ್ಲ. ಅತ್ತೆ ಹೇಳ್ತಾರೆ, "ಬೆಳಕು ಹರಿಯೋ ಹೊತ್ತಿಗೆ ಹೋದ. ಸಾಗರಕ್ಕೆ ಅಂದ. ನಾನೇನು ಕುಂಟನಾ ಅಂದ." ತಡೀಬಾರ್ದಿತ್ತಾ ಅಂದ್ರೆ, "ನನ್ನ ಮಾತು ಈ ಮನೆಯಲ್ಲಿ ಯಾರು ಕೇಳ್ತಾರೆ."

ಫೋನ್ ರಿಂಗ್ ಆಗುತ್ತೆ, ಎತ್ತಲ್ಲ. ನಾಲ್ಕು ದಿನದಿಂದ ಮಾತ್ರೆ ಸರಿಯಾಗಿ ತಗೊಂಡಿಲ್ಲ ಅಂತ ಕಾವ್ಯಾ ಈಗ ಹೇಳ್ತಿದಾಳೆ. ಸ್ಟ್ರಿಪ್ ತೋರಿಸಿದಳು.

ಆ ತಿರುವುಗಳು. ಸ್ಕೂಲ್ ಬಸ್ ಹೊರಡೋ ಹೊತ್ತು...


ಅದೇ ದಿನ. ಸಂಜೆ

ಒಂಬತ್ತೂವರೆ ಸುಮಾರಿಗೆ ಇವರ ನಂಬರಿಂದ ಫೋನ್. ಹೆಂಗಸಿನ ದನಿ. ಅನ್ನಪೂರ್ಣೇಶ್ವರಿ ಅಂತೆ, ವರದಹಳ್ಳಿ ಆಶ್ರಮಕ್ಕೆ ಹೊರಟೋರು. "ನಿಮ್ಮನೆಯವರು ಇಲ್ಲಿ ರಸ್ತೆ ಪಕ್ಕ ಕೂತಿದಾರೆ. ಪೆಟ್ಟಾಗಿಲ್ಲ. ಗಾಡಿ ಚರಂಡಿಗೆ ಇಳಿದಿದೆ. ನೀವು ಬರ್ಬೇಕಮ್ಮಾ, ಅವರು ನಡುಗ್ತಾ ಇದಾರೆ."

ಬಸ್ಸಲ್ಲಿ ಹೋದೆ. ಅಷ್ಟು ನಿಧಾನದ ಬಸ್ಸು ನನ್ನ ಜನ್ಮದಲ್ಲಿ ಹತ್ತಿಲ್ಲ. ಸತ್ತಿದ್ರೆ ಅಂತ ಒಂದು ಯೋಚನೆ, ಬದುಕಿದ್ರೆ ಬಿಡಲ್ಲ ಅಂತ ಇನ್ನೊಂದು. ಸಾಗರದಿಂದ ಆಟೋ.

ವ್ಯಾನಿನ ಮುಂದಿನ ಚಕ್ರ ಚರಂಡಿಯಲ್ಲಿ. ಇವರು ಒಂದು ಮರದ ಬೇರಿನ ಮೇಲೆ ಕೂತಿದ್ರು. ಎದುರಿಗೆ ಆ ಅನ್ನಪೂರ್ಣೇಶ್ವರಿ, ಅರವತ್ತರ ಮೇಲಿರ್ಬೇಕು, ಜೊತೆಗೆ ನಾಲ್ಕೈದು ವರ್ಷದ ಮೊಮ್ಮಗಳು. ಇವರ ಮುಷ್ಟಿಯಲ್ಲಿ ಯಾರದೋ ಮನೆ ಬೀಗದ ಕೈ ಗೊಂಚಲು. ಆ ಅಮ್ಮನದೇ. ಅವರೇ ಹಿಡಿಸಿದ್ದು.

ಅವರು ನನ್ನ ಪಕ್ಕಕ್ಕೆ ಕರೆದು ಹೇಳಿದ್ರು. ಅಜ್ಜಿ, ಮೊಮ್ಮಗಳು ರಸ್ತೆ ಅಂಚಲ್ಲಿ ನಡೀತಿದ್ರಂತೆ. ಹಿಂದಿಂದ ವ್ಯಾನ್ ಓರೆಯಾಗಿ ಬಂತಂತೆ. ಮಾರುದ್ದ ಇರೋವಾಗ ಚರಂಡಿ ಕಡೆ ತಿರುಗಿತಂತೆ. "ಮಗು ಹೂವು ಕೀಳೋಕೆ ನಿಂತಿದ್ಲು" ಅಂದ್ರು. ಮತ್ತೇನೂ ಅನ್ನಲಿಲ್ಲ. ಬೈಯೋ ಹಕ್ಕು ಇದ್ದ ಒಬ್ಬರೇ ಒಬ್ಬರು ಬೈಯಲಿಲ್ಲ. ಬೀಗದ ಕೈ ಗೊಂಚಲು ಈಸ್ಕೊಂಡು, ಮಗು ಕೈ ಹಿಡ್ಕೊಂಡು ನಡೆದು ಹೋದ್ರು.

ನಾನು ಇವರ ಎದುರು ನಿಂತೆ. ಬಸ್ಸಲ್ಲಿ ಜೋಡಿಸಿಟ್ಟ ಮಾತು ಎಲ್ಲಾ ಇತ್ತು. ಒಂದಕ್ಕಿಂತ ಒಂದು ಹರಿತ.

ಇವರು ತಲೆ ಎತ್ತಲಿಲ್ಲ. "ಎಡಗೈ ಜುಮ್ ಅಂತು. ಆಮೇಲೆ ರಸ್ತೆ ಕಾಣಲಿಲ್ಲ. ಕಂಡಾಗ ಆ ಮಗೂನ ಲಂಗ ಕಾಣ್ತು... ಹೆದರಿಕೆ ಆಯ್ತು ಕಣೆ."

ಮುಂದೆ ಏನೂ ಇಲ್ಲ. ಆದ್ರೆ, ಯಾಕಂದ್ರೆ, ನಿನ್ನಿಂದ — ಏನೂ ಇಲ್ಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲನೇ ನೇರ ಮಾತು. ಅದಕ್ಕೆ ಒಂದು ಮಗು ಸಾಯೋ ಹತ್ರ ಹೋಗ್ಬೇಕಾಯ್ತು.

"ನಂಗೆ ಸೆಪ್ಟೆಂಬರಿಂದ ದಿನಾ ಹೆದರಿಕೆ ಆಗ್ತಿದೆ" ಅಂದೆ. ಮೆತ್ತಗೇನೂ ಅನ್ನಲಿಲ್ಲ.

ಟ್ರ್ಯಾಕ್ಟರಿನವರೊಬ್ಬರು ವ್ಯಾನ್ ಎಳೆದುಕೊಟ್ರು. ನಾನು ಸ್ಟೇರಿಂಗ್ ಹತ್ರ ಹೋಗೋ ಮುಂಚೆನೇ ಇವರು ಆ ಕಡೆ ಬಾಗಿಲು ತೆಗೆದು, ಚೆರ್ರಿ ಡಬ್ಬ ಎತ್ತಿ ತೊಡೆ ಮೇಲಿಟ್ಟುಕೊಂಡು ಕೂತ್ರು.

ಅಲ್ಲಿಂದ ನೇರ ಶಿವಮೊಗ್ಗಕ್ಕೆ. ಡಾಕ್ಟ್ರು ಇಬ್ಬರಿಗೂ ಬೈದ್ರು. ಕೊನೆಯಲ್ಲಿ "ಬೇಜಾರಾಯ್ತಾ?" ಅಂತ ಕೇಳಿದ್ರು. ಹೌದು ಅಂದ್ವಿ. "ಆಗ್ಲಿ" ಅಂದ್ರು.


ಜನವರಿ 9, ಗುರುವಾರ

ಸಂಜೆ ಗೋಡೌನಿನಲ್ಲಿ ಬಾಕ್ಸ್ ಎಣಿಸ್ತಿದ್ದೆ. ಇವರು ಬಂದು ಬಾಗಿಲಲ್ಲಿ ನಿಂತ್ರು.

"ಅವತ್ತು ತೀರ್ಥಹಳ್ಳಿಯಲ್ಲಿ ನೀ ಹೇಳಿದ್ದು ಸುಳ್ಳಲ್ಲ."

ಎಣಿಸೋದು ನಿಲ್ಲಿಸಿದೆ.

"ಪ್ಯಾಂಟಿನ ವಿಷಯ ಹೇಳ್ಬಾರ್ದಿತ್ತು."

"ಹೌದು. ಹೇಳ್ಬಾರ್ದಿತ್ತು. ತಪ್ಪು ನಂದು" ಅಂದೆ. ಆ ಒಂದು ಮಾತು ನಂಗೇ ಚುಚ್ಚುತ್ತಿತ್ತು. ಫಿಟ್ಸ್ ಅಂದಿದ್ರೆ ಸಾಕಿತ್ತು. ಅದರಾಚೆ ಹೇಳಿದ್ದೆಲ್ಲ ಬೆಲ್ಲದ ಆಸೆಗೆ. "ನೀವು ಹೇಳಿದ್ದು?"

"ಹೂಂ" ಅಂದ್ರು.

"ಹೂಂ ಅಂದ್ರೆ?"

"ನಂದೂ ತಪ್ಪು. ಅವತ್ತೊಂದೇ ದಿನದ್ದಲ್ಲ."

ಕ್ಷಮೆ ಅಂತ ಇಬ್ಬರೂ ಕೇಳಲಿಲ್ಲ. ಕೊಡೋದಕ್ಕೆ ನನ್ನ ಹತ್ರ ಇನ್ನೂ ಇಲ್ಲ. ಬಾಕ್ಸ್ ಲೆಕ್ಕ ತಪ್ಪಿತು, ಮೊದಲಿಂದ ಎಣಿಸಿದೆ. ಅವರೂ ಒಂದು ಕಡೆ ಹಿಡ್ಕೊಂಡ್ರು.


ಜನವರಿ 13

ಅತ್ತೆ ಇವತ್ತು ಸಾರಿಗೆ ಉಪ್ಪು ಜಾಸ್ತಿ ಅಂದ್ರು. ಗಾದೆಗೆ ಬಾಯಿ ತೆಗೆಯೋ ಮೊದಲೇ ಇವರು, "ಅಮ್ಮಾ, ಉಪ್ಪು ಜಾಸ್ತಿ ಅಂದ್ರೆ ಸಾಕು" ಅಂದ್ರು. ಅತ್ತೆ ಎದ್ದು ಹೋದ್ರು. ಉಪ್ಪು ನಿಜವಾಗ್ಲೂ ಜಾಸ್ತಿ ಇತ್ತು.

ಮೂರು ದಿನ ಒಳ್ಳೆಯವರಾಗಿರೋದು ಯಾರಿಗೂ ಕಷ್ಟ ಅಲ್ಲ. ನೋಡೋಣ.


ಜನವರಿ 23, ಗುರುವಾರ

ಮೇಳಿಗೆ ಕಡೆಯ ಹೊಸ ಬೇಕರಿ. ಮೊದಲನೇ ಸಪ್ಲೈ. ಅಭಿಷೇಕ ಅಂತ, ಮೂವತ್ತರ ಒಳಗಿನ ಓನರು. ಗಲ್ಲಾದಲ್ಲಿ ಕೂತು ಇವರನ್ನ ಮೇಲಿಂದ ಕೆಳಗೆ ನೋಡಿದ. ಇಲ್ಲಿಗೆ ಸುದ್ದಿ ಬಂದಿಲ್ಲ ಅಂತ ಗೊತ್ತಾಯ್ತು.

"ಅಂಕಲ್, ಗಟ್ಟಿಮುಟ್ಟಾಗಿದೀರಲ್ಲ. ನೀವ್ಯಾಕೆ ಓಡಿಸಲ್ಲ?"

ನನ್ನ ಕೈಯಲ್ಲಿ ಯೀಸ್ಟ್ ಬಾಕ್ಸ್. ಇವರ ಕೈ ಸೊಂಟದ ಕಡೆ ಹೋಯ್ತು. ನೋಡಿದೆ. ಹೋಗಿದ್ದು ಅಲ್ಲೇ ನಿಂತಿತು, ಕೆಳಗಿಳೀತು.

"ನಂಗೆ ಫಿಟ್ಸ್ ಇದೆ. ಓಡಿಸಿದ್ರೆ ಯಾರಾದ್ರೂ ಸಾಯ್ತಾರೆ. ಇವಳು ಓಡಿಸ್ತಾಳೆ."

ಅಷ್ಟೇ. ಬಾಲ ಬರುತ್ತೆ ಅಂತ ಕಾದೆ. ಹೆಂಗಸು ಓಡಿಸಿದ್ರೆ ಎಷ್ಟೋ ಅಷ್ಟು, ಏನು ಮಾಡೋದು ಕರ್ಮ... ಬರಲಿಲ್ಲ.

ಆ ಅಭಿಷೇಕ ನನ್ನ ಕಡೆ ತಿರುಗಿ ಹಲ್ಲು ಬಿಟ್ಟ. "ಆಂಟಿ, ತಪ್ಪು ತಿಳ್ಕೋಬೇಡಿ, ಈ ರೋಡಲ್ಲಿ ಲೇಡೀಸು..."

"ತಪ್ಪೇ ತಿಳ್ಕೊಳ್ತಾಳೆ" ಅಂದ್ರು ಇವರು. "ಬಾಕ್ಸ್ ಇಳಿಸ್ಕೋ."

ಇಳಿಸ್ಕೊಂಡ.

ಕಾವ್ಯಾಗೆ ಹೇಳಿದ್ರೆ ಬಿದ್ದು ಬಿದ್ದು ನಕ್ಕಳು. ನಾನು ಅಲ್ಲಿ ನಗಲಿಲ್ಲ. ನಗೋಷ್ಟು ಹತ್ರ ಬಂದಿಲ್ಲ ಇನ್ನೂ. ಒಳಗಿನ ಸಿಟ್ಟು ಹಾಗೇ ಇದೆ, ಜಾಗ ಸ್ವಲ್ಪ ಬದಲಾಯಿಸಿದೆ ಅಷ್ಟೇ.

ಬರೋವಾಗ ಕೋಣಂದೂರಲ್ಲಿ ಗಾಡಿ ನಿಲ್ಲಿಸು ಅಂದ್ರು. ಇಳಿದು ಹೋದ್ರು. ಎರಡು ಟೀ ಹಿಡ್ಕೊಂಡು ಬಂದ್ರು, ಅವರ ಬಾಗಿಲಿಗಲ್ಲ, ನನ್ನ ಕಡೆ ಬಾಗಿಲಿಗೆ. ಟೀ ಕೊಟ್ಟು ಹೋಗ್ಲಿಲ್ಲ. ಅಲ್ಲೇ ನಿಂತ್ರು. ಏನೋ ಹೇಳೋಕಿದೆ ಅಂತ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಹೇಗೆ ಶುರು ಮಾಡೋದು ಅಂತ ಗೊತ್ತಾಗ್ತಿರ್ಲಿಲ್ಲ ಅವರಿಗೆ. ಶುರು ಮಾಡೋ ಮಾತೆಲ್ಲ ಖಾಲಿ ಆಗಿದೆಯಲ್ಲ.

ನಾನು ಸಹಾಯ ಮಾಡ್ಲಿಲ್ಲ. ಗಾಜು ಪೂರ್ತಿ ಇಳಿಸಿ, ಎಂಜಿನ್ ಆಫ್ ಮಾಡಿ ಕೂತೆ.

"ಸುಷ್ಮಾ" ಅಂದ್ರು. "ನೀನು ಓಡಿಸೋದು ಚೆನ್ನಾಗಿದೆ." ಬಾಲ ಇರ್ಲಿಲ್ಲ; ಟೀ ಮುಗಿಸಿ ಗಾಡಿ ಸ್ಟಾರ್ಟ್ ಮಾಡಿದೆ.